ಅಲಿ–ಟೈಸನ್ ವಾದಕ್ಕೆ ಮೊದಲು ತಾರೀಕು ಗೊತ್ತಾಗಲಿ

ಸಂಪಾದಕರಿಗೆ,

ಮಾನ್ಯರೇ,

ಬಾಕ್ಸಿಂಗ್ ರಿಂಗಿನಲ್ಲಿ ಮಹಮ್ಮದ್ ಅಲಿ ಮತ್ತು ಮೈಕ್ ಟೈಸನ್ ಎದುರಾಗಿದ್ದರೆ ಗೆಲ್ಲುತ್ತಿದ್ದವರು ಯಾರು? ರಾಕಿ ಮಾರ್ಸಿಯಾನೊ ಇಂದು ಇದ್ದಿದ್ದರೆ ಟೈಸನ್ ಫ್ಯೂರಿಯ ಮುಂದೆ ಎಷ್ಟು ಸುತ್ತು ನಿಲ್ಲುತ್ತಿದ್ದರು? ಮಂಗಳೂರು, ಉಡುಪಿಯ ಜಿಮ್‌ಗಳಲ್ಲೂ ಹೋಟೆಲಿನ ಮೇಜುಗಳಲ್ಲೂ ಈ ವಾದ ಮುಗಿಯುವುದೇ ಇಲ್ಲ. ಕ್ರೀಡಾಪುಟಗಳಲ್ಲೂ 'ಸಾರ್ವಕಾಲಿಕ ಹತ್ತು ಹೆವಿವೇಟ್‌ಗಳು' (ಅತಿ ಭಾರದ ವರ್ಗದ ಬಾಕ್ಸರ್‌ಗಳು) ಎಂಬ ಪಟ್ಟಿ ಆಗಾಗ ಬರುತ್ತದೆ. ಇಂಥ ವಾದ ಬೇಡ ಎನ್ನುವ ಪತ್ರ ಇದಲ್ಲ. ವಾದ ಬೇಕು, ಬಾಕ್ಸಿಂಗನ್ನು ಸೂಕ್ಷ್ಮವಾಗಿ ನೋಡಲು ಅದು ಕಲಿಸುತ್ತದೆ. ಆದರೆ ಎರಡು ಹೆಸರನ್ನಷ್ಟೇ ಎದುರುಬದುರು ಇಟ್ಟರೆ ಪಂದ್ಯ ಆಗುವುದಿಲ್ಲ. ಯಾವ ತಾರೀಕಿನ ಅಲಿ, ಎಷ್ಟು ತೂಕದ ಟೈಸನ್, ಎಷ್ಟು ಸುತ್ತು, ಎಷ್ಟು ಔನ್ಸಿನ ಗ್ಲೌಸ್, ಯಾವ ಕಾಲದ ರೆಫರಿ ಎಂಬುದನ್ನು ಮೊದಲು ಗೊತ್ತುಮಾಡಬೇಕು. ಇವುಗಳಲ್ಲಿ ಒಂದು ಬದಲಾದರೂ ಸಾಕು, ಗೆದ್ದವರು ಸೋಲಬಹುದು.

ತಾಳಮದ್ದಳೆ ಕೇಳುವ ನಮ್ಮ ಊರಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ವಾಲಿ–ರಾಮರ ವಾದ ಎಷ್ಟು ಹೊತ್ತು ನಡೆದರೂ ಭಾಗವತರು ಹಾಡಿದ ಪದ್ಯದ ಒಳಗೇ ನಡೆಯಬೇಕು. ಪದ್ಯ ಬಿಟ್ಟ ಅರ್ಥಕ್ಕೆ ಬೆಲೆ ಇಲ್ಲ. ಕಲ್ಪನೆಯ ಬಾಕ್ಸಿಂಗ್ ಪಂದ್ಯಕ್ಕೆ ಈ ಷರತ್ತುಗಳೇ ಪದ್ಯ.

ಷರತ್ತು ಮರೆತರೆ ಏನಾಗುತ್ತದೆ ಎಂಬುದನ್ನು ಕರಾವಳಿ ಒಮ್ಮೆ ಹತ್ತಿರದಿಂದ ಕಂಡಿದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರಿನ ಕರೆಯನ್ನು (ಕೋಣ ಓಡಿಸುವ ಕೆಸರಿನ ಓಟದ ದಾರಿ) 13.62 ಸೆಕೆಂಡಿನಲ್ಲಿ ಮುಗಿಸಿದರು. ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಿ, ಉಸೇನ್ ಬೋಲ್ಟ್ ಅವರ 9.58ಕ್ಕಿಂತ ವೇಗ ಎಂದು ದೇಶವೆಲ್ಲ ಸುದ್ದಿ ಮಾಡಿದರು. ಭಾಗಾಕಾರದಲ್ಲಿ ತಪ್ಪಿರಲಿಲ್ಲ. ಆದರೆ ಗೌಡರ ಕೈಯಲ್ಲಿ ಹಗ್ಗ ಇತ್ತು, ಮುಂದೆ ಎಳೆಯುವ ಕೋಣಗಳಿದ್ದವು, ಕಾಲಡಿಯಲ್ಲಿ ಕೆಸರು ನೀರು ಇತ್ತು. ಬೋಲ್ಟ್ ನಿಂತಲ್ಲಿಂದ ಒಬ್ಬರೇ ಎದ್ದು ಓಡಿದವರು. ಎರಡೂ ದೊಡ್ಡ ಸಾಧನೆಯೇ, ಆದರೆ ಒಂದರ ಅಳತೆಗೋಲು ಇನ್ನೊಂದಕ್ಕೆ ಹೊಂದುವುದಿಲ್ಲ. ಕಂಬಳದ ಒಳಗೇ ನೋಡಿ: ನೇಗಿಲು ಕಿರಿಯ ವರ್ಗದ ಜೋಡಿಯನ್ನು ಹಗ್ಗ ಹಿರಿಯ ವರ್ಗದ ಜೋಡಿಯ ಜೊತೆ ಯಾರೂ ಓಡಿಸುವುದಿಲ್ಲ. ಹೆವಿವೇಟ್ ವಿಷಯ ಬಂದಾಗ ಮಾತ್ರ ಈ ವಿವೇಕ ನಮ್ಮ ಕೈಬಿಡುತ್ತದೆ.

ಮೊದಲು ಸುತ್ತುಗಳ ಲೆಕ್ಕ ನೋಡೋಣ. ಹೆಚ್ಚಿನ ವಾದಗಳು ಕೆಡುವುದು ಇಲ್ಲಿಯೇ. ಚಾಂಪಿಯನ್‌ಷಿಪ್ ಪಂದ್ಯ ಹಿಂದೆ 15 ಸುತ್ತು ಇರುತ್ತಿತ್ತು. 1982ರ ನವೆಂಬರಿನಲ್ಲಿ ಲೈಟ್‌ವೇಟ್ ವರ್ಗದ ಪಂದ್ಯದಲ್ಲಿ ರೇ ಮ್ಯಾನ್ಸಿನಿ ಅವರಿಂದ ಹೊಡೆತ ತಿಂದ ಕೊರಿಯಾದ ಡಕ್ ಕೂ ಕಿಮ್ ತೀರಿಕೊಂಡ ಬಳಿಕ ಡಬ್ಲ್ಯುಬಿಸಿ (ವಿಶ್ವ ಬಾಕ್ಸಿಂಗ್ ಮಂಡಳಿ) ಅದನ್ನು 12ಕ್ಕೆ ಇಳಿಸಿತು. 1988ರ ಹೊತ್ತಿಗೆ ಉಳಿದ ಮುಖ್ಯ ಸಂಸ್ಥೆಗಳೂ ಅದೇ ದಾರಿ ಹಿಡಿದವು. ಸುತ್ತಿಗೆ ಮೂರು ನಿಮಿಷ. ಅಂದರೆ 45 ನಿಮಿಷದ ಕೆಲಸ 36 ನಿಮಿಷಕ್ಕೆ ಇಳಿಯಿತು. ಹೋದ ಒಂಬತ್ತು ನಿಮಿಷದ ಬೆಲೆ ಎಷ್ಟು? 1941ರ ಜೂನ್‌ನಲ್ಲಿ ಜೋ ಲೂಯಿಸ್ ಅವರ ಎದುರು ಬಿಲ್ಲಿ ಕಾನ್ 12 ಸುತ್ತು ಮುಗಿದಾಗ ಇಬ್ಬರು ತೀರ್ಪುಗಾರರ ಅಂಕದ ಚೀಟಿಯಲ್ಲಿ ಮುಂದಿದ್ದರು, ಮೂರನೆಯ ಚೀಟಿ ಸಮ ಇತ್ತು. ಇಂದಿನ ನಿಯಮದಲ್ಲಿ ಗಂಟೆ ಹೊಡೆದ ಕೂಡಲೇ ಕಾನ್ ಚಾಂಪಿಯನ್. ಅಂದು 13ನೇ ಸುತ್ತು ಇತ್ತು. ಅದು ಮುಗಿಯಲು ಎರಡು ಸೆಕೆಂಡ್ ಇರುವಾಗ ಕೆಳಗೆ ಬಿದ್ದ ಕಾನ್ ಅವರನ್ನು ಹತ್ತರವರೆಗೆ ಎಣಿಸಿ ಮುಗಿಸಲಾಯಿತು.

ಮಾರ್ಸಿಯಾನೊ ವಿಷಯದಲ್ಲಿ ಇದು ಇನ್ನೂ ದೊಡ್ಡದು. 49 ಪಂದ್ಯ, 49 ಗೆಲುವು, ಅದರಲ್ಲಿ 43 ನಾಕ್‌ಔಟ್ ಎಂಬ ಸಂಖ್ಯೆಯನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಜೆರ್ಸಿ ಜೋ ವಾಲ್ಕಾಟ್ ಮೊದಲ ಸುತ್ತಿನಲ್ಲೇ ಅವರನ್ನು ಕೆಡವಿದ್ದರು, 12 ಸುತ್ತು ಕಳೆದಾಗ ಮೂರು ಚೀಟಿಗಳಲ್ಲೂ ಮುಂದಿದ್ದರು. 13ನೇ ಸುತ್ತಿನ 43ನೇ ಸೆಕೆಂಡಿನಲ್ಲಿ ಬಲಗೈಯ ಒಂದು ಹೊಡೆತಕ್ಕೆ ಎಲ್ಲ ಮುಗಿಯಿತು. 12 ಸುತ್ತಿನ ಲೋಕದಲ್ಲಿ ಆ ದಾಖಲೆ ಹುಟ್ಟುತ್ತಲೇ ಇರಲಿಲ್ಲ. ಇದರಿಂದ ಮಾರ್ಸಿಯಾನೊ ಸಣ್ಣವರಾಗುವುದಿಲ್ಲ. 15 ಸುತ್ತಿಗೆ ದೇಹ ಸಿದ್ಧಪಡಿಸಿ, ಎದುರಾಳಿಯ ತೋಳಿಗೂ ಪಕ್ಕೆಗೂ ಬಡಿದು ಬಡಿದು ಕೊನೆಗೆ ಸುಸ್ತು ಮಾಡುವುದೇ ಅವರ ವಿದ್ಯೆ. ಅಂಥವರನ್ನು 12 ಸುತ್ತಿನ ಪಂದ್ಯಕ್ಕೆ ಇಳಿಸಿದರೆ ಅವರ ದೊಡ್ಡ ಆಯುಧವನ್ನು ಮೊದಲೇ ಕಸಿದುಕೊಂಡ ಹಾಗೆ. ಅದೇ ರೀತಿ 12 ಸುತ್ತಿಗೆ ಉಸಿರು ಹಂಚಿಕೊಳ್ಳಲು ಕಲಿತ ಇಂದಿನ 115–120 ಕಿಲೋ ಬಾಕ್ಸರನ್ನು 15 ಸುತ್ತಿಗೆ ಇಳಿಸಿದರೆ ಕೊನೆಯ ಮೂರು ಸುತ್ತಿನಲ್ಲಿ ಆತ ಬೇರೆಯೇ ಮನುಷ್ಯ. 1978ರ ಜೂನ್‌ನಲ್ಲಿ ಲ್ಯಾರಿ ಹೋಮ್ಸ್ ಮತ್ತು ಕೆನ್ ನಾರ್ಟನ್ 14 ಸುತ್ತು ಸಮ ಸಮ ಹೊಡೆದಾಡಿ, 15ನೆಯದರಲ್ಲಿ ಪಟ್ಟ ಇತ್ಯರ್ಥ ಆದದ್ದನ್ನು ನೋಡಿದವರಿಗೆ ಈ ವ್ಯತ್ಯಾಸ ಗೊತ್ತು.

ಗಾಯದ ನಿಯಮವೂ ಹೀಗೆಯೇ ಫಲಿತಾಂಶ ತಿರುಗಿಸುತ್ತದೆ. 1954ರ ಸೆಪ್ಟೆಂಬರಿನಲ್ಲಿ ಎಜರ್ಡ್ ಚಾರ್ಲ್ಸ್ ಜೊತೆಗಿನ ಎರಡನೇ ಪಂದ್ಯದಲ್ಲಿ ಮಾರ್ಸಿಯಾನೊ ಅವರ ಮೂಗಿನ ತುದಿ ಸೀಳಿ ಹೋಗಿ ರಕ್ತ ನಿಲ್ಲಲಿಲ್ಲ. ಆದರೂ ಆಟ ಮುಂದುವರಿಯಿತು, ಎಂಟನೇ ಸುತ್ತಿನಲ್ಲಿ ಅವರು ಗೆದ್ದರು. 2003ರ ಜೂನ್ 21ರಂದು ಲಾಸ್ ಏಂಜಲೀಸ್‌ನಲ್ಲಿ ಲೆನಾಕ್ಸ್ ಲೂಯಿಸ್ ಎದುರು ವಿಟಾಲಿ ಕ್ಲಿಚ್ಕೊ ಆರು ಸುತ್ತಿನ ಬಳಿಕ ಮೂರೂ ಚೀಟಿಗಳಲ್ಲಿ ಮುಂದಿದ್ದರು. ಎಡಗಣ್ಣಿನ ಸುತ್ತ ಆದ ಗಾಯ ನೋಡಿ ವೈದ್ಯರು ನಿಲ್ಲಿಸಿದರು, ಸೋಲು ಅವರ ಪಾಲಿಗೆ ಬಂತು. 1954ರ ಮಾರ್ಸಿಯಾನೊ ಅವರನ್ನು 2003ರ ವೈದ್ಯರ ಮುಂದೆ ನಿಲ್ಲಿಸಿದರೆ ಬಹುಶಃ ಅವರಿಗೂ ಅದೇ ಗತಿ.

1919ರ ಜುಲೈ 4ರಂದು ಟೊಲಿಡೊದಲ್ಲಿ ಜ್ಯಾಕ್ ಡೆಂಪ್ಸಿ ಜೆಸ್ ವಿಲ್ಲಾರ್ಡ್ ಅವರನ್ನು ಮೊದಲ ಸುತ್ತಿನಲ್ಲೇ ಏಳು ಸಲ ಕೆಡವಿದ ಚಿತ್ರವನ್ನು ತೋರಿಸಿ 'ಇಂಥ ಹೊಡೆತ ಈಗ ಯಾರಿಗುಂಟು' ಎನ್ನುವವರಿದ್ದಾರೆ. ಕೆಡವಿದ ಮೇಲೆ ದೂರದ ಮೂಲೆಗೆ ಹೋಗಿ ನಿಲ್ಲಬೇಕೆಂಬ ಕಟ್ಟುನಿಟ್ಟು ಅಂದು ಇರಲಿಲ್ಲ. ವಿಲ್ಲಾರ್ಡ್ ಮೊಣಕಾಲು ಎತ್ತುವಷ್ಟರಲ್ಲಿ ಡೆಂಪ್ಸಿ ಬಗಲಲ್ಲೇ ನಿಂತು ಹೊಡೆಯುತ್ತಿದ್ದರು. ಇಂದಿನ ನಿಯಮ ಇದ್ದಿದ್ದರೆ ವಿಲ್ಲಾರ್ಡ್ ಅವರಿಗೆ ಪ್ರತಿ ಸಲ ಚೇತರಿಸಿಕೊಳ್ಳಲು ಸಮಯ ಸಿಗುತ್ತಿತ್ತು. ಇನ್ನೊಂದು ಕಡೆಯಿಂದ ನೋಡಿದರೆ ಇಂದಿನ ರೆಫರಿ ಮೂರನೆಯ ಸಲ ಬಿದ್ದ ಹೊತ್ತಿಗೆ ಪಂದ್ಯವನ್ನೇ ನಿಲ್ಲಿಸಿರುತ್ತಿದ್ದರು. ಆ ಕಾಲದ ಗ್ಲೌಸ್ 5 ಔನ್ಸ್, ಅಂದರೆ ಸುಮಾರು 140 ಗ್ರಾಂ. ಈಗಿನ ಹೆವಿವೇಟ್ ಗ್ಲೌಸ್ 10 ಔನ್ಸ್. ಸಣ್ಣ ಗ್ಲೌಸ್ ಕೈಗಳ ನಡುವಿನ ಸಂದಿಯಲ್ಲಿ ನುಗ್ಗುತ್ತದೆ, ಚರ್ಮ ಬೇಗ ಒಡೆಯುತ್ತದೆ, ಹೊಡೆದವರ ಗೆಣ್ಣುಗಳೂ ಬೇಗ ಮುರಿಯುತ್ತವೆ. ದೊಡ್ಡ ಗ್ಲೌಸ್ ಗುರಾಣಿಯೂ ಹೌದು: ಎರಡು ಕೈಯನ್ನೂ ಕೆನ್ನೆಗೆ ಒತ್ತಿ ಹಿಡಿದು ಒಳನುಗ್ಗುವ ಟೈಸನ್ ಶೈಲಿಗೆ ಅದು ಅನುಕೂಲ. 5 ಔನ್ಸ್ ಕೊಟ್ಟರೆ ಅದೇ ರಕ್ಷಣೆಯಲ್ಲಿ ತೂತು ಕಾಣುತ್ತದೆ. ಮೂಕಿ ಕಾಲದ ಚಿತ್ರ ನೋಡುವಾಗ ಇನ್ನೊಂದು ಎಚ್ಚರ ಬೇಕು. ಕೈಯಿಂದ ತಿರುಗಿಸುವ ಕ್ಯಾಮೆರಾದಲ್ಲಿ ಕಡಿಮೆ ಚೌಕಟ್ಟುಗಳಲ್ಲಿ ಹಿಡಿದದ್ದನ್ನು ಈಗಿನ 24 ಚೌಕಟ್ಟಿನ ವೇಗದಲ್ಲಿ ಓಡಿಸಿದರೆ ಎಲ್ಲರೂ ಮಿಂಚಿನಂತೆ ಕಾಣುತ್ತಾರೆ. ವೇಗ ಸರಿಪಡಿಸಿದ ಪ್ರತಿ ನೋಡದೆ ಡೆಂಪ್ಸಿಯ ಕೈವೇಗದ ಬಗ್ಗೆ ತೀರ್ಪು ಕೊಡಬಾರದು.

ಇನ್ನು ತೂಕ. ಚಾಂಪಿಯನ್ ಆದ ದಿನ ಮಾರ್ಸಿಯಾನೊ 83.5 ಕಿಲೋ. ವಿಲ್ಲಾರ್ಡ್ ಅವರನ್ನು ಕೆಡವಿದ ದಿನ ಡೆಂಪ್ಸಿ ಸುಮಾರು 85. ಈಗ ಕ್ರೂಸರ್‌ವೇಟ್ ಎಂಬ ವರ್ಗ ಇದೆ, ಅದರ ಮಿತಿ 90.7 ಕಿಲೋ. ಅಂದರೆ ಇವರಿಬ್ಬರೂ ಇಂದಿನ ಹೆವಿವೇಟ್‌ಗಳೇ ಅಲ್ಲ. 1938ರಲ್ಲಿ ಮ್ಯಾಕ್ಸ್ ಶ್ಮೆಲಿಂಗ್ ಅವರನ್ನು 124 ಸೆಕೆಂಡಿನಲ್ಲಿ ಮುಗಿಸಿದ ಜೋ ಲೂಯಿಸ್ ಕೂಡ ಆ ಮಿತಿಯ ಒಳಗೇ ಇದ್ದರು. 2020ರಲ್ಲಿ ಡಬ್ಲ್ಯುಬಿಸಿ 101.6 ಕಿಲೋ ಮಿತಿಯ ಇನ್ನೊಂದು ವರ್ಗವನ್ನೂ ಸೇರಿಸಿತು. ಆ ಲೆಕ್ಕದಲ್ಲಿ 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್ ಅವರನ್ನು ಸೋಲಿಸಿದ 98 ಕಿಲೋ ಅಲಿಯೂ ಹೆವಿವೇಟ್ ಅಲ್ಲ! ಹಾಗಾಗಿ 83.5 ಕಿಲೋ ಮಾರ್ಸಿಯಾನೊ ಅವರನ್ನು 206 ಸೆಂಟಿಮೀಟರ್ ಎತ್ತರದ, 2020ರ ಫೆಬ್ರವರಿಯಲ್ಲಿ ಡಿಯಾಂಟೆ ವೈಲ್ಡರ್ ಅವರನ್ನು 124 ಕಿಲೋ ತೂಕದಲ್ಲಿ ಸೋಲಿಸಿದ ಫ್ಯೂರಿಯ ಮುಂದೆ ನಿಲ್ಲಿಸುವುದು ಪಂದ್ಯವಲ್ಲ. ಹಾಗೆ ಕೇಳುವವರು ಮೊದಲು ಒಂದನ್ನು ಸ್ಪಷ್ಟಪಡಿಸಬೇಕು: 1952ರ ಮಾರ್ಸಿಯಾನೊ ಅವರನ್ನು ಇದ್ದ ಹಾಗೆಯೇ ಎತ್ತಿ ತರುವುದೋ, ಇಲ್ಲ ಈ ಕಾಲದಲ್ಲಿ ಹುಟ್ಟಿ ಈ ಕಾಲದ ಆಹಾರ, ತರಬೇತಿಯಲ್ಲಿ ಬೆಳೆದ ಮಾರ್ಸಿಯಾನೊ ಅವರನ್ನೋ? ಎರಡನೆಯದಾದರೆ ಅವರು ಕ್ರೂಸರ್‌ವೇಟಿನಲ್ಲೇ ಉಳಿಯುತ್ತಿದ್ದರು ಎನ್ನುವುದೇ ನಮ್ಮ ಅಂದಾಜು. ಅಲ್ಲಿ ಅವರನ್ನು ಸೋಲಿಸುವುದು ಯಾರಿಗೂ ಸುಲಭವಲ್ಲ.

'ಚಿಕ್ಕವರು ದೊಡ್ಡವರನ್ನು ಸೋಲಿಸಿದ್ದಾರಲ್ಲ, ವಿಲ್ಲಾರ್ಡ್ 111 ಕಿಲೋ ಇರಲಿಲ್ಲವೇ, ಪ್ರೀಮೊ ಕಾರ್ನೆರಾ 118 ಕಿಲೋ ಇರಲಿಲ್ಲವೇ' ಎಂಬ ಉತ್ತರ ಸಿದ್ಧವಾಗಿ ಬರುತ್ತದೆ. ಇದ್ದರು. ಆದರೆ ಅವರ ಕಾಲುಗಳು ಭಾರ, ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಸಾಧಾರಣ. ದೇಹ ದೊಡ್ಡದಾಗಿದ್ದೂ ಜ್ಯಾಬ್ ಮತ್ತು ಅಂತರದ ಲೆಕ್ಕ ಪಕ್ಕಾ ಇರುವವರು – ಲೆನಾಕ್ಸ್ ಲೂಯಿಸ್, ಕ್ಲಿಚ್ಕೊ ಸಹೋದರರು, ಫ್ಯೂರಿ – ಇತಿಹಾಸದಲ್ಲಿ ತಡವಾಗಿ ಬಂದ ಜಾತಿ. ಕಾರ್ನೆರಾ ಸೋತರೆಂದು ಲೆನಾಕ್ಸ್ ಸೋಲುತ್ತಾರೆ ಎನ್ನಲು ಬರುವುದಿಲ್ಲ.

ರೀಚ್ ಎಂಬ ಅಳತೆಯನ್ನೂ ಬಹಳ ಜನ ತಪ್ಪಾಗಿ ಓದುತ್ತಾರೆ. ಅದು ಒಂದು ತೋಳಿನ ಉದ್ದವಲ್ಲ. ಎರಡೂ ಕೈ ಚಾಚಿದಾಗ ಬೆರಳ ತುದಿಯಿಂದ ಬೆರಳ ತುದಿಗೆ ಇರುವ ಅಳತೆ, ನಡುವಿನ ಭುಜದ ಅಗಲವೂ ಸೇರಿ. ಅಲಿಯ ರೀಚ್ 198 ಸೆಂಟಿಮೀಟರ್, ಟೈಸನ್ ಅವರದು 180. ವ್ಯತ್ಯಾಸ 18 ಎಂದು ಕಂಡರೂ ಒಂದು ಜ್ಯಾಬ್‌ಗೆ ಸಿಗುವ ಲಾಭ ಅದರ ಅರ್ಧ, ಸುಮಾರು 9. ಆ 9 ಸೆಂಟಿಮೀಟರ್ ಉಪಯೋಗಕ್ಕೆ ಬರುವುದು ಕಾಲು ಸರಿಯಾದ ಜಾಗದಲ್ಲಿದ್ದರೆ ಮಾತ್ರ. ಹಿಂದೆ ಸರಿಯಲು ಜಾಗ ಇಲ್ಲದ 16 ಅಡಿಯ ರಿಂಗಿನಲ್ಲಿ ಉದ್ದ ಕೈ ಭಾರ. 22 ಅಡಿಯ ರಿಂಗಿನಲ್ಲಿ ಅದೇ ಆಸ್ತಿ. ಆದ್ದರಿಂದ ರಿಂಗಿನ ಅಳತೆಯನ್ನೂ ಷರತ್ತಿನಲ್ಲಿ ಬರೆಯಬೇಕು.

ಇದನ್ನೆಲ್ಲ ಯಂತ್ರಕ್ಕೆ ಬಿಟ್ಟರೆ ಆಗದೇ ಎಂದು ಕೇಳುವವರಿಗೆ ಹಳೆಯ ಉದಾಹರಣೆ ಉಂಟು. 1967ರಲ್ಲಿ ಅಮೆರಿಕದ ಮರ್ರಿ ವೊರೊನರ್ 16 ಹೆವಿವೇಟ್‌ಗಳ ವಿವರವನ್ನು ಎನ್‌ಸಿಆರ್ 315 ಕಂಪ್ಯೂಟರಿಗೆ ತುಂಬಿಸಿ ರೇಡಿಯೋದಲ್ಲಿ ಟೂರ್ನಿ ನಡೆಸಿದರು. ಅಲಿ ಕ್ವಾರ್ಟರ್ ಫೈನಲ್‌ನಲ್ಲಿ ಜಿಮ್ ಜೆಫ್ರಿಸ್ ಎದುರು ಸೋತರೆಂದು ಬಂತು. ಅವರು ಹತ್ತು ಲಕ್ಷ ಡಾಲರ್ ಪರಿಹಾರ ಕೇಳಿ ದಾವೆ ಹೂಡಿದರು. ಆ ತಗಾದೆ ಬಗೆಹರಿದ ಮೇಲೆ 1969ರಲ್ಲಿ ಅಲಿ ಮತ್ತು ನಿವೃತ್ತ ಮಾರ್ಸಿಯಾನೊ ಸ್ಟುಡಿಯೋದಲ್ಲಿ ಒಂದೊಂದು ನಿಮಿಷದ ಹತ್ತಾರು ಸುತ್ತು ನಟಿಸಿದರು. ಬೇರೆ ಬೇರೆ ಕೊನೆಗಳನ್ನು ಚಿತ್ರಿಸಿಟ್ಟು, 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ 13ನೇ ಸುತ್ತಿನಲ್ಲಿ ಮಾರ್ಸಿಯಾನೊ ನಾಕ್‌ಔಟ್ ಗೆಲುವು ಎಂದು ತೋರಿಸಿದರು. ಅದನ್ನು ನೋಡಲು ಮಾರ್ಸಿಯಾನೊ ಇರಲಿಲ್ಲ, 1969ರ ಆಗಸ್ಟ್ 31ರಂದು ವಿಮಾನಾಪಘಾತದಲ್ಲಿ ತೀರಿಕೊಂಡಿದ್ದರು. ಯುರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಗೆದ್ದದ್ದು ಅಲಿ. ಯಂತ್ರಕ್ಕೆ ತುಂಬಿಸಿದ ಅಂಕಿಗಳು ಮನುಷ್ಯರ ಅಭಿಪ್ರಾಯವೇ ಆಗಿದ್ದವು. ಬಾವಿಯಲ್ಲಿ ಇದ್ದದ್ದೇ ಕೊಡದಲ್ಲಿ ಬಂತು. ಇಂದು ಮೊಬೈಲಿನ ಆಟಗಳಲ್ಲಿ ಬರುವ ಅಂಕಗಳ ಕಥೆಯೂ ಬೇರೆಯಲ್ಲ.

ಕಾಲಗಳು ನಿಜವಾಗಿ ಮುಖಾಮುಖಿಯಾದ ಪಂದ್ಯಗಳೂ ಇವೆ. ಅವುಗಳಿಂದ ಬಹಳ ಎಚ್ಚರದಿಂದ ಪಾಠ ತೆಗೆಯಬೇಕು. 1910ರಲ್ಲಿ ಜೆಫ್ರಿಸ್ ಐದು ವರ್ಷಕ್ಕೂ ಹೆಚ್ಚು ಕಾಲ ರಿಂಗ್ ಬಿಟ್ಟು ಬಂದು ಜ್ಯಾಕ್ ಜಾನ್ಸನ್ ಎದುರು 15ನೇ ಸುತ್ತಿನಲ್ಲಿ ಸೋತರು. 1951ರಲ್ಲಿ ಮಾರ್ಸಿಯಾನೊ ಎದುರು ಸೋತ ಜೋ ಲೂಯಿಸ್‌ಗೆ 37 ವರ್ಷ, 1980ರಲ್ಲಿ ಹೋಮ್ಸ್ ಎದುರು ಮೂಲೆಯಿಂದ ಏಳದೆ ಸೋತ ಅಲಿಗೆ 38, 1988ರಲ್ಲಿ ಟೈಸನ್ ಎದುರು ನಾಲ್ಕನೇ ಸುತ್ತಿನಲ್ಲಿ ಬಿದ್ದ ಹೋಮ್ಸ್‌ಗೂ 38. ಇವೆಲ್ಲ ಕಾಲಗಳ ಹೋಲಿಕೆಯಲ್ಲ, ವಯಸ್ಸಿನ ಹೋಲಿಕೆ. ಒಂದೇ ಒಂದು ಅಪವಾದ ನಮಗೆ ಗಟ್ಟಿಯಾಗಿ ಕಾಣುತ್ತದೆ: ಜಾರ್ಜ್ ಫೋರ್‌ಮನ್. 1973ರಲ್ಲಿ ಜೋ ಫ್ರೇಸರ್ ಅವರನ್ನು ಎರಡು ಸುತ್ತಿನಲ್ಲಿ ಆರು ಸಲ ಕೆಡವಿದ ಮನುಷ್ಯ, 42ನೇ ವಯಸ್ಸಿನಲ್ಲಿ ಇವಾಂಡರ್ ಹೋಲಿಫೀಲ್ಡ್ ಎದುರು 12 ಸುತ್ತು ನಿಂತು, 45ನೇ ವಯಸ್ಸಿನಲ್ಲಿ, 1994ರ ನವೆಂಬರ್ 5ರಂದು, ಮೈಕೆಲ್ ಮೂರರ್ ಅವರನ್ನು ಹತ್ತನೇ ಸುತ್ತಿನಲ್ಲಿ ಕೆಡವಿ ಮತ್ತೆ ಚಾಂಪಿಯನ್ ಆದರು. ಹಳಬರು ಗೆದ್ದರೆ ಮಾತ್ರ ಅದು ಸಾಕ್ಷಿ, ಏಕೆಂದರೆ ವಯಸ್ಸು ಅವರ ವಿರುದ್ಧ ಇತ್ತು. 1970ರ ದಶಕದ ಮೇಲ್ಮಟ್ಟದ ಹೆವಿವೇಟ್‌ಗಳು 1990ರ ದಶಕದಲ್ಲೂ ಸಲ್ಲುತ್ತಿದ್ದರು ಎನ್ನಲು ನಾವು ನೆಚ್ಚುವ ಆಧಾರ ಇದು.

ಇನ್ನೊಂದು ದೋಷ, ಸೋಲು–ಗೆಲುವುಗಳನ್ನು ಸರಪಳಿ ಪೋಣಿಸುವುದು. ಫ್ರೇಸರ್ 1971ರಲ್ಲಿ ಅಲಿಯನ್ನು ಸೋಲಿಸಿದರು, ಫೋರ್‌ಮನ್ ಫ್ರೇಸರ್ ಅವರನ್ನು ಪುಡಿ ಮಾಡಿದರು, ಆ ಲೆಕ್ಕದಲ್ಲಿ ಫೋರ್‌ಮನ್ ಅಲಿಯನ್ನು ಮುರಿಯಬೇಕಿತ್ತು. ಅಲಿಯ ದವಡೆ ಒಡೆದ ನಾರ್ಟನ್ ಅವರನ್ನೂ ಫೋರ್‌ಮನ್ ಎರಡೇ ಸುತ್ತಿನಲ್ಲಿ ಮುಗಿಸಿದ್ದರು. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಎಂಟನೇ ಸುತ್ತಿಗೆ ನೆಲ ಕಂಡದ್ದು ಫೋರ್‌ಮನ್. ಶೈಲಿ ಶೈಲಿಗೆ ಹೇಗೆ ಕಚ್ಚುತ್ತದೆ ಎಂಬುದೇ ಇಲ್ಲಿ ಮುಖ್ಯ.

ಷರತ್ತು ಹಾಕಿ ವಾದಿಸಿದರೆ ಹೇಗಿರುತ್ತದೆ ಎಂದು ತೋರಿಸದೆ ಹೀಗೆ ದೂರುವುದು ಸರಿಯಲ್ಲ. ಮೊದಲು ಅಲಿ–ಟೈಸನ್. ಅಲಿ 1966ರ ನವೆಂಬರ್ 14ರಂದು ಕ್ಲೀವ್‌ಲೆಂಡ್ ವಿಲಿಯಮ್ಸ್ ಅವರನ್ನು ಮೂರು ಸುತ್ತಿನಲ್ಲಿ ಸೋಲಿಸಿದ ಅಲಿ ಆಗಿರಲಿ. 24 ವರ್ಷ, 96.5 ಕಿಲೋ. ಸೇನೆಗೆ ಸೇರಲು ಒಪ್ಪದ್ದಕ್ಕೆ ಬಿದ್ದ ನಿಷೇಧದ ಮೂರೂವರೆ ವರ್ಷ ಅವರ ಕಾಲಿನ ವೇಗ ತಿನ್ನುವ ಮೊದಲಿನ ಅಲಿ ಅದು. ಟೈಸನ್ 1988ರ ಜೂನ್ 27ರಂದು ಮೈಕೆಲ್ ಸ್ಪಿಂಕ್ಸ್ ಅವರನ್ನು 91 ಸೆಕೆಂಡಿನಲ್ಲಿ ಕೆಡವಿದ ಟೈಸನ್. 21 ವರ್ಷ, 99 ಕಿಲೋ, ತರಬೇತುದಾರ ಕೆವಿನ್ ರೂನಿ ಇನ್ನೂ ಮೂಲೆಯಲ್ಲಿದ್ದರು. ತೂಕ ಹೆಚ್ಚು ಕಡಿಮೆ ಸಮ ಆಯಿತು. 20 ಅಡಿ ರಿಂಗ್, 15 ಸುತ್ತು, 10 ಔನ್ಸ್ ಗ್ಲೌಸ್.

ಅಲಿಯಲ್ಲಿ ಒಂದು ದೋಷ ಉಂಟು: ಕೈ ಕೆಳಗಿಟ್ಟು ತಲೆಯನ್ನು ನೇರ ಹಿಂದಕ್ಕೆ ಎಳೆಯುವುದು. ಎಡಗೈ ಹುಕ್‌ಗೆ, ಅಂದರೆ ಬದಿಯಿಂದ ಬಾಗಿ ಬರುವ ಹೊಡೆತಕ್ಕೆ, ಅದು ಬಾಗಿಲು ತೆರೆದ ಹಾಗೆ. 1963ರಲ್ಲಿ ಹೆನ್ರಿ ಕೂಪರ್ ಅವರ ಎಡ ಹುಕ್‌ಗೆ ನಾಲ್ಕನೇ ಸುತ್ತಿನ ಕೊನೆಗೆ ಬಿದ್ದದ್ದು, 1971ರಲ್ಲಿ ಫ್ರೇಸರ್ ಅವರ ಎಡ ಹುಕ್‌ಗೆ 15ನೇ ಸುತ್ತಿನಲ್ಲಿ ಬಿದ್ದದ್ದು ಇದರಿಂದಲೇ. ಟೈಸನ್ ಅವರ ಎಡ ಹುಕ್ ಇಬ್ಬರಿಗಿಂತಲೂ ಚುರುಕು. ಹಾಗಾಗಿ ಮೊದಲ ನಾಲ್ಕು ಸುತ್ತು ಅಲಿಗೆ ನಿಜವಾದ ಗಂಡಾಂತರ. ಆದರೆ ಅಲಿ ಸಾಮಾನ್ಯವಾಗಿ ತಮ್ಮ ಎಡಕ್ಕೆ ಸುತ್ತುತ್ತಿದ್ದರು, ಎದುರಾಳಿಯ ಎಡ ಹುಕ್‌ನಿಂದ ದೂರಕ್ಕೆ. ಟೈಸನ್ ಒಳಬಂದ ಕೂಡಲೇ ಕುತ್ತಿಗೆಯ ಹಿಂದೆ ಕೈ ಹಾಕಿ ತಲೆ ಕೆಳಗೆ ಒತ್ತಿ ಹಿಡಿಯುವುದು ಅಲಿಗೆ ನೀರು ಕುಡಿದಷ್ಟು ಸುಲಭ. 1974ರಲ್ಲಿ ಫ್ರೇಸರ್ ಜೊತೆಗಿನ ಎರಡನೇ ಪಂದ್ಯದ ತುಂಬ ಅದನ್ನೇ ಮಾಡಿದರು. 1987ರಲ್ಲಿ ಬೋನ್‌ಕ್ರಷರ್ ಸ್ಮಿತ್ ಹೀಗೆ ತಬ್ಬಿ ಹಿಡಿದು ಟೈಸನ್ ಅವರನ್ನು 12 ಸುತ್ತು ಎಳೆದರು, ಗೆಲ್ಲುವ ಪ್ರಯತ್ನವನ್ನೇ ಮಾಡಲಿಲ್ಲ. ತಬ್ಬುವುದರ ಜೊತೆ ಜ್ಯಾಬ್ ಹೊಡೆಯುವ ಎದುರಾಳಿ ಸಿಕ್ಕಿದರೆ ಏನಾಗುತ್ತದೆ ಎಂಬುದನ್ನು 1990ರಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ತೋರಿಸಿದರು. ಅಂದಿನ ಟೈಸನ್ 1988ರ ಟೈಸನ್ ಆಗಿರಲಿಲ್ಲ, ನಿಜ. ಆದರೆ ಬೀಗದ ಆಕಾರ ಅದೇ. ನಮ್ಮ ತೀರ್ಪು: ಐದನೇ ಸುತ್ತು ದಾಟಿದರೆ ಅಲಿ, ಹನ್ನೊಂದರಿಂದ ಹದಿಮೂರರ ನಡುವೆ ರೆಫರಿ ನಿಲ್ಲಿಸುವ ಗೆಲುವು. ರೆಫರಿ ತಬ್ಬುವಿಕೆಗೆ ಮೊದಲ ಸುತ್ತಿನಿಂದಲೇ ಅಂಕ ಕಡಿಯುವವರಾಗಿ, ರಿಂಗ್ 16 ಅಡಿಯದಾಗಿದ್ದರೆ ನಾವು ಟೈಸನ್ ಕಡೆ.

1973ರ ಫೋರ್‌ಮನ್ ಎದುರು ಇದೇ ಟೈಸನ್ ಅವರನ್ನು ಇಟ್ಟರೆ ಚಿತ್ರ ಪೂರಾ ಬದಲು. ಕುಳ್ಳಗೆ ಬಾಗಿ ಒಳಬರುವವರನ್ನು ಫೋರ್‌ಮನ್ ಎರಡೂ ಕೈಯಿಂದ ಭುಜಕ್ಕೆ ತಳ್ಳಿ, ತಮಗೆ ಬೇಕಾದ ದೂರಕ್ಕೆ ನಿಲ್ಲಿಸಿ ಕೆಳಗಿನಿಂದ ಮೇಲಕ್ಕೆ ಅಪ್ಪರ್‌ಕಟ್ ಹೊಡೆಯುತ್ತಿದ್ದರು. ಫ್ರೇಸರ್ ಬಿದ್ದದ್ದು ಹೀಗೆ. ಟೈಸನ್ ಫ್ರೇಸರ್‌ಗಿಂತ ವೇಗ, ತಲೆಯನ್ನು ಒಂದೇ ತಾಳದಲ್ಲಿ ಆಡಿಸುವವರೂ ಅಲ್ಲ. ಆದರೂ ಮೊದಲ ಮೂರು ಸುತ್ತಿನಲ್ಲಿ ಫೋರ್‌ಮನ್ ಎನ್ನುತ್ತೇವೆ. ತಳ್ಳುವುದು ನಿಯಮದಂತೆ ತಪ್ಪು. ರೆಫರಿ ಅದನ್ನು ತಡೆದು, ಪಂದ್ಯ ಆರನೇ ಸುತ್ತು ಮುಟ್ಟಿದರೆ ಫೋರ್‌ಮನ್ ಅವರ ಉಸಿರು ಕಿನ್ಶಾಸಾದಲ್ಲಿ ಹೋದ ದಾರಿಯಲ್ಲೇ ಹೋಗುತ್ತದೆ.

ನಮಗೆ ಅತ್ಯಂತ ನ್ಯಾಯವಾಗಿ ಕಾಣುವ ಜೋಡಿಯನ್ನು ಹೆಚ್ಚಿನವರು ಕೇಳುವುದೇ ಇಲ್ಲ: 1938ರ ಜೋ ಲೂಯಿಸ್ ಮತ್ತು 2018ರ ಜುಲೈನಲ್ಲಿ ಮಾಸ್ಕೊದಲ್ಲಿ ಕ್ರೂಸರ್‌ವೇಟಿನ ನಾಲ್ಕೂ ಪಟ್ಟ ಒಂದುಗೂಡಿಸಿದ ಒಲೆಕ್ಸಾಂಡರ್ ಉಸಿಕ್. ಇಬ್ಬರೂ 90.7 ಕಿಲೋ ಮಿತಿಯಲ್ಲಿ. ಲೂಯಿಸ್ ಜ್ಯಾಬ್ ಹೊಡೆದು ಎಡಗೈಯನ್ನು ಕೆಳಗಿನಿಂದ ಹಿಂದಕ್ಕೆ ತರುತ್ತಿದ್ದರು. ಅದನ್ನು ಗುರುತಿಸಿಯೇ 1936ರಲ್ಲಿ ಶ್ಮೆಲಿಂಗ್ ಬಲಗೈ ಹಾಕಿ ಹನ್ನೆರಡನೇ ಸುತ್ತಿನಲ್ಲಿ ಗೆದ್ದದ್ದು. ಮುಂದೆ ಲೂಯಿಸ್ ಅದನ್ನು ತಿದ್ದಿಕೊಂಡರು, ಆದರೆ ಕಾಲು ಚುರುಕಾದವರ ಎದುರಿನ ತೊಂದರೆ ಉಳಿಯಿತು. ಕಾನ್ ಅದಕ್ಕೆ ಸಾಕ್ಷಿ, 1947ರಲ್ಲಿ ಅವರನ್ನು ಎರಡು ಸಲ ಕೆಡವಿದ ವಾಲ್ಕಾಟ್ ಇನ್ನೊಂದು ಸಾಕ್ಷಿ. ಉಸಿಕ್ ಎಡಗೈ ಬಾಕ್ಸರ್, ಸೌತ್‌ಪಾ. 1994ರಲ್ಲಿ ಮೂರರ್ ಬರುವ ತನಕ ಹೆವಿವೇಟ್ ಪಟ್ಟ ಗೆದ್ದ ಸೌತ್‌ಪಾ ಒಬ್ಬರೂ ಇರಲಿಲ್ಲ ಎಂಬುದನ್ನು ನೆನೆದರೆ ಲೂಯಿಸ್ ಕಾಲದ ಬಾಕ್ಸರ್‌ಗಳಿಗೆ ಈ ನಿಲುವು ಎಷ್ಟು ಅಪರಿಚಿತ ಎಂಬುದು ತಿಳಿಯುತ್ತದೆ. ಇಬ್ಬರ ಮುಂಗಾಲು ಎದುರುಬದುರು ಬಂದು ಜ್ಯಾಬಿಗೆ ಜ್ಯಾಬ್ ಅಡ್ಡ ನಿಲ್ಲುತ್ತದೆ. ಯಾರ ಮುಂಗಾಲು ಹೊರಬದಿಗೆ ಹೋಗುತ್ತದೋ ಅವರ ಹಿಂದಿನ ಕೈಯ ಹೊಡೆತಕ್ಕೆ ದಾರಿ ಸಿಗುತ್ತದೆ. ಆ ಕಾಲಾಟದಲ್ಲಿ ಉಸಿಕ್ ಅವರದು ಮೇಲುಗೈ. 12 ಸುತ್ತಿಗೆ ಉಸಿಕ್ ಎನ್ನಲು ನಮಗೆ ಅಳುಕಿಲ್ಲ. 15 ಸುತ್ತು, 6 ಔನ್ಸ್ ಗ್ಲೌಸ್ ಎಂದರೆ ನಮ್ಮಲ್ಲೇ ಒಮ್ಮತ ಇಲ್ಲ. ಲೂಯಿಸ್ ಅವರಷ್ಟು ಕಡಿಮೆ ದೂರದಲ್ಲಿ ಅಷ್ಟು ನಿಖರವಾಗಿ ಹೊಡೆದವರು ವಿರಳ, ಒಂದು ತಪ್ಪು ಹೆಜ್ಜೆ ಸಾಕು. ಆದರೂ ಕಾನ್ ಬಿದ್ದದ್ದು ಗೆಲ್ಲುತ್ತಿದ್ದೇನೆಂದು ನಿಂತು ಹೊಡೆದಾಡಲು ಹೋದದ್ದರಿಂದ. ಉಸಿಕ್ ಆ ತಪ್ಪು ಮಾಡುವವರಲ್ಲ.

ಅಲಿ–ಫ್ಯೂರಿ ಬಗ್ಗೆ ಒಂದೇ ಮಾತು. ಅಲಿಯೂ ಉಸಿಕ್ ಕೂಡ 191 ಸೆಂಟಿಮೀಟರ್ ಎತ್ತರ, ರೀಚ್ ಇಬ್ಬರದೂ 198. 2024ರ ಮೇ 18ರಂದು ರಿಯಾದ್‌ನಲ್ಲಿ 101 ಕಿಲೋ ಉಸಿಕ್ 119 ಕಿಲೋ ಫ್ಯೂರಿಯನ್ನು ಒಡೆದ ತೀರ್ಪಿನಲ್ಲಿ (ಇಬ್ಬರು ತೀರ್ಪುಗಾರರು ಪರ, ಒಬ್ಬರು ವಿರುದ್ಧ) ಸೋಲಿಸಿದರು, ಡಿಸೆಂಬರಿನಲ್ಲಿ ಮೂರೂ ಚೀಟಿಗಳಲ್ಲಿ 116–112ರಿಂದ. ಅಲಿಯ ಅಳತೆಯ ದೇಹ ಫ್ಯೂರಿಯನ್ನು ಸೋಲಿಸಬಲ್ಲುದು ಎಂಬುದಕ್ಕೆ ಕಲ್ಪನೆ ಬೇಕಾಗಿಲ್ಲ, ಕಣ್ಣಮುಂದೆ ಪಂದ್ಯ ಇದೆ. ಆದರೆ ಉಸಿಕ್ ಹೊಟ್ಟೆಗೆ ಹೊಡೆಯುತ್ತಾರೆ, ಎಡಗೈ ನೇರ ಹೊಡೆಯುತ್ತಾರೆ. ಅಲಿ ಹೊಟ್ಟೆಗೆ ಹೊಡೆದದ್ದು ತೀರ ಕಡಿಮೆ. 120 ಕಿಲೋ ದೇಹ ಮೈಮೇಲೆ ಒರಗಿದಾಗ ಅದನ್ನು ದಣಿಸುವ ಉಪಾಯ ಅಲಿಯ ಬಳಿ ಏನಿತ್ತು ಎಂಬುದರಿಂದ ಆ ವಾದ ಶುರುವಾಗಬೇಕು.

ತಮ್ಮ ಪತ್ರಿಕೆಯ ಕ್ರೀಡಾಪುಟದಲ್ಲಿ ಇಂಥ ಹೋಲಿಕೆ ಬಂದಾಗಲೆಲ್ಲ ಶೀರ್ಷಿಕೆಯ ಕೆಳಗೆ ಒಂದು ಸಾಲು ಹಾಕಿಸಬೇಕೆಂದು ಕೋರುತ್ತೇವೆ. ಉದಾಹರಣೆಗೆ: 'ಅಲಿ, ನವೆಂಬರ್ 1966, 96.5 ಕಿಲೋ, ಟೈಸನ್, ಜೂನ್ 1988, 99 ಕಿಲೋ, 15 ಸುತ್ತು, 10 ಔನ್ಸ್, 20 ಅಡಿ ರಿಂಗ್, ಬಿದ್ದವರಿಗೆ ಹತ್ತರ ಎಣಿಕೆ, ಗಾಯಕ್ಕೆ ವೈದ್ಯರ ತೀರ್ಮಾನ.' ಒಂದು ಅಂಗುಲದ ಜಾಗ ಸಾಕು. ಓದುಗರ ಮತ ಕೇಳುವುದಾದರೂ ಈ ಸಾಲು ಕೊಟ್ಟ ಮೇಲೆ ಕೇಳಿ.

– ಬಾಕ್ಸಿಂಗ್ ಆಸಕ್ತರು, ಕದ್ರಿ, ಮಂಗಳೂರು